ಬರಿದಾಗುವ ಮಣೆ

ಅದು 1990. ಎದುರುಬದುರು ಕೂತಿದ್ದವರಲ್ಲಿ ಒಬ್ಬರು ಮೇರಿಯನ್ ಟಿನ್‌ಸ್ಲೀ, ಅಮೆರಿಕದ ಗಣಿತ ಪ್ರಾಧ್ಯಾಪಕರು, ಚೆಕರ್ಸ್ ಆಟದ ವಿಶ್ವ ಚಾಂಪಿಯನ್. ಇನ್ನೊಂದು ಕಡೆ ಆಡುತ್ತಿದ್ದುದು ಚಿನೂಕ್ ಎಂಬ ಕಂಪ್ಯೂಟರ್ ಪ್ರೋಗ್ರಾಮ್. ಅದಕ್ಕೆ ಕೈಯಿಲ್ಲವಾದ್ದರಿಂದ ಅದು ಹೇಳಿದ ಕಾಯಿಯನ್ನು ಅದನ್ನು ಬರೆದ ಜೊನಾಥನ್ ಶೇಫರ್ ಮಣೆಯ ಮೇಲೆ ನಡೆಸುತ್ತಿದ್ದರು. ಹತ್ತನೆಯ ನಡೆ ಆಗಿದ್ದೇ ತಡ, ಇದಕ್ಕೆ ನೀವು ಪಶ್ಚಾತ್ತಾಪ ಪಡುತ್ತೀರಿ ಅಂದುಬಿಟ್ಟರು ಟಿನ್‌ಸ್ಲೀ. ಪ್ರೋಗ್ರಾಮಿನ ಲೆಕ್ಕದಲ್ಲಿ ಆ ನಡೆಗಿಂತ ಒಳ್ಳೆಯದು ಇನ್ನೊಂದಿರಲಿಲ್ಲ. ಆಟ ಮುಂದುವರಿಯಿತು. ಮೂವತ್ತಾರನೆಯ ನಡೆಯ ಹೊತ್ತಿಗೆ ಚಿನೂಕ್ ಸೋಲೊಪ್ಪಿತು. ಆಮೇಲೆ ಶೇಫರ್ ಆ ಆಟವನ್ನು ಹಿಂದುಮುಂದಾಗಿ ಶೋಧಿಸಿ ನೋಡಿದರು. ಆ ಘಟ್ಟದಿಂದ ಗೆಲ್ಲಲು ಇದ್ದದ್ದು ಒಂದೇ ದಾರಿ, ಅದರ ಕೊನೆ ಕಾಣಬೇಕಾದರೆ 64 ನಡೆ ಮುಂದೆ ನೋಡಬೇಕಿತ್ತು. ಟಿನ್‌ಸ್ಲೀ ಹಿಡಿದದ್ದು ಅದೇ ದಾರಿಯನ್ನು.

ಒಬ್ಬ ಮನುಷ್ಯ ಅಷ್ಟು ದೂರ ಕಂಡದ್ದು ಹೇಗೆ? ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಯಂತ್ರವೊಂದು ಅದೇ ದೂರವನ್ನು ಮುಟ್ಟಲು ಯಾವ ದಾರಿ ಹಿಡಿಯಿತು ಎಂಬುದನ್ನು ಮಾತ್ರ ಪೂರ್ತಿಯಾಗಿ ಹೇಳಬಹುದು. ಈ ಅಧ್ಯಾಯ ಅದರ ಕಥೆ. ಹಲಗೆಯ ಮೇಲಿನ ಹಳೆಯ ಆಟಗಳನ್ನು ಕಂಪ್ಯೂಟರಿಗೆ ಕಲಿಸಿದ ಎಲ್ಲ ಕಥೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದೂ ಇದೇ. ಚದುರಂಗದ ಚಾಂಪಿಯನ್ ಕಾಸ್ಪರೋವ್ ಮತ್ತು ಡೀಪ್ ಬ್ಲೂ ಕಂಪ್ಯೂಟರಿನ ಕಥೆಗೆ ಸಿಕ್ಕ ಪ್ರಚಾರ ಇದಕ್ಕೆ ಸಿಗಲಿಲ್ಲ ಎಂಬ ಬೇಸರವೂ ಇದೆ.

ಆಟದ ನಿಯಮ ಎರಡು ಮಾತಿನಲ್ಲಿ ಮುಗಿಯುತ್ತದೆ. ಚದುರಂಗದ ಹಾಸಿನ 64 ಮನೆಗಳಲ್ಲಿ ಕಪ್ಪು ಬಣ್ಣದ 32 ಮಾತ್ರ ಬಳಕೆಗೆ. ಒಬ್ಬೊಬ್ಬರಿಗೆ 12 ಕಾಯಿ. ಕಾಯಿ ಓರೆಯಾಗಿ ಒಂದೊಂದೇ ಮನೆ ಮುಂದೆ ಸಾಗುತ್ತದೆ. ಎದುರಾಳಿಯ ಕಾಯಿಯ ಹಿಂದಿನ ಮನೆ ಖಾಲಿಯಿದ್ದರೆ ಅದನ್ನು ಹಾರಿ ಹೊಡೆಯಬೇಕು. ಹೊಡೆಯುವ ಅವಕಾಶ ಇದ್ದಾಗ ಬಿಡುವಂತಿಲ್ಲ. ಎದುರಿನ ಕೊನೆಯ ಸಾಲು ಮುಟ್ಟಿದ ಕಾಯಿ ರಾಜನಾಗಿ ಹಿಂದಕ್ಕೂ ನಡೆಯುತ್ತದೆ. ನಡೆಸಲು ಏನೂ ಉಳಿಯದವರು ಸೋತಂತೆ. ಇಂಗ್ಲೆಂಡಿನಲ್ಲಿ ಇದಕ್ಕೆ ಡ್ರಾಫ್ಟ್ಸ್ ಎನ್ನುತ್ತಾರೆ. ಮಕ್ಕಳಾಟ ಎಂದು ತಳ್ಳಿಹಾಕುವವರು ಬಹಳ. ಆದರೆ ಟಿನ್‌ಸ್ಲೀ ಇದರಲ್ಲೇ ಜೀವ ತೇದವರು. 1955ರಲ್ಲಿ ಮೊದಲ ಸಲ ವಿಶ್ವ ಚಾಂಪಿಯನ್ ಆದರು. 1950ರಿಂದ ಸಾಯುವವರೆಗಿನ ನಲವತ್ತೈದು ವರ್ಷಗಳಲ್ಲಿ ಅವರು ಸೋತ ಆಟಗಳ ಎಣಿಕೆ ಹತ್ತನ್ನೂ ಮುಟ್ಟುವುದಿಲ್ಲ. ಬೇರೆ ಯಾವ ಆಟದಲ್ಲೂ ಹೀಗೆ ಮೇಲೆ ನಿಂತವರು ನನಗೆ ಕಾಣಲಿಲ್ಲ.

ಯಂತ್ರಕ್ಕೆ ಈ ಆಟ ಕಲಿಸುವ ಯತ್ನ ಕಂಪ್ಯೂಟರಿನಷ್ಟೇ ಹಳೆಯದು. ಕ್ರಿಸ್ಟೋಫರ್ ಸ್ಟ್ರೇಚಿ ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. 1951ರಲ್ಲಿ ಅವರು ಬರೆದ ಡ್ರಾಫ್ಟ್ಸ್ ಪ್ರೋಗ್ರಾಮಿಗೆ ಅಂದಿನ ಪೈಲಟ್ ಏಸ್ ಯಂತ್ರದ ಸ್ಮೃತಿ ಸಾಲಲಿಲ್ಲ. ಮರುವರ್ಷ ಮ್ಯಾಂಚೆಸ್ಟರಿನ ಫೆರಾಂಟಿ ಯಂತ್ರದಲ್ಲಿ ಅದು ಮೊದಲಿಂದ ಕೊನೆವರೆಗೆ ಒಂದು ಆಟ ಆಡಿತು. ಮಣೆಯ ಚಿತ್ರ ಪರದೆಯ ಮೇಲೆ ಮೂಡುತ್ತಿತ್ತು. ಎದುರಿಗಿದ್ದವರು ತಡಮಾಡಿದರೆ ಯಂತ್ರ ಟೆಲಿಪ್ರಿಂಟರಿನಲ್ಲಿ ಬೈಗುಳ ಅಚ್ಚುಹಾಕುತ್ತಿತ್ತು.

ಆದರೆ ನಿಯಮ ತಿಳಿದ ಮಾತ್ರಕ್ಕೆ ಆಟ ಬರುವುದಿಲ್ಲ. ಆಡುವವರು ಎರಡು ಕೆಲಸ ಮಾಡಬೇಕು: ಮುಂದೆ ನೋಡಬೇಕು, ನೋಡಿದಲ್ಲಿ ನಿಂತು ಬೆಲೆ ಕಟ್ಟಬೇಕು. ನಾನು ಹೀಗೆ ನಡೆದರೆ ಅವನು ಹಾಗೆ, ಆಗ ನಾನು ಹೀಗೆ ಎನ್ನುತ್ತ ಸಾಗುವುದು ಮೊದಲನೆಯದು. ಹೊಡೆತ ಕಡ್ಡಾಯವಾದ್ದರಿಂದ ಚೆಕರ್ಸ್‌ನಲ್ಲಿ ಒಂದೊಂದು ಸರದಿಗೆ ಇರುವ ಆಯ್ಕೆ ಸರಾಸರಿ ಮೂರರ ಹತ್ತಿರ. ಕಡಿಮೆ ಅನ್ನಿಸುತ್ತದೆ. ಹತ್ತು ನನ್ನವು, ಹತ್ತು ನಿನ್ನವು ಎಂದು ಇಪ್ಪತ್ತು ನಡೆ ಮುಂದೆ ನೋಡಲು ಮೂರನ್ನು ಇಪ್ಪತ್ತು ಸಲ ಗುಣಿಸಿ: 348 ಕೋಟಿಗೂ ಹೆಚ್ಚು ಕೊನೆಗಳು.

ಇಲ್ಲಿ ಒಂದು ಉಪಾಯವಿದೆ. ನನಗೆ ಎರಡು ನಡೆಗಳ ಆಯ್ಕೆ ಇದೆ ಅನ್ನಿ. ಮೊದಲನೆಯದನ್ನು ಪೂರ್ತಿ ನೋಡಿದೆ, ಎದುರಾಳಿ ಏನೇ ಮಾಡಿದರೂ ನನ್ನ ಕಾಯಿ ಹೋಗುವುದಿಲ್ಲ. ಎರಡನೆಯದನ್ನು ನೋಡತೊಡಗಿದೆ, ಅವನ ಮೊದಲ ಉತ್ತರಕ್ಕೇ ನನ್ನ ಎರಡು ಕಾಯಿ ಬಿದ್ದವು. ಅವನ ಉಳಿದ ಉತ್ತರಗಳನ್ನು ಇನ್ನು ನೋಡಬೇಕೆ? ಬೇಡ. ಆ ನಡೆ ಮೊದಲನೆಯದಕ್ಕಿಂತ ಕೆಟ್ಟದ್ದೆಂದು ಗೊತ್ತಾಗಿದೆ, ಎಷ್ಟು ಕೆಟ್ಟದ್ದು ಎಂಬುದು ನನಗೆ ಬೇಕಿಲ್ಲ. ಇದಕ್ಕೆ ಆಲ್ಫಾ-ಬೀಟಾ ಕತ್ತರಿಕೆ ಎಂದು ಹೆಸರು. ಒಳ್ಳೆಯ ನಡೆಗಳನ್ನೇ ಮೊದಲು ನೋಡುವ ಅದೃಷ್ಟವಿದ್ದರೆ ಆ 348 ಕೋಟಿ ಕೊನೆಗಳಲ್ಲಿ ಮುಟ್ಟಬೇಕಾದವು 1,18,097 ಮಾತ್ರ. ಉಳಿದದ್ದನ್ನು ನೋಡದೆಯೂ ಉತ್ತರ ಅದೇ ಬರುತ್ತದೆ, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಇದನ್ನು ಮೊದಲ ಸಲ ಕಾಗದದ ಮೇಲೆ ಲೆಕ್ಕಹಾಕಿ ನೋಡಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಎರಡನೆಯ ಕೆಲಸ, ಬೆಲೆ ಕಟ್ಟುವುದು, ಇದಕ್ಕಿಂತ ಕಷ್ಟ. ಅದರಲ್ಲಿ ದಾರಿ ತೋರಿದವರು ಐಬಿಎಂನ ಎಂಜಿನಿಯರ್ ಆರ್ಥರ್ ಸ್ಯಾಮುಯೆಲ್. ನಡುವಿನ ಮನೆಗಳು ಯಾರ ಹಿಡಿತದಲ್ಲಿವೆ, ಹಿಂದಿನ ಸಾಲಿನ ಕಾವಲು ಗಟ್ಟಿಯಿದೆಯೆ, ಯಾರಿಗೆ ಓಡಾಡಲು ಜಾಗ ಹೆಚ್ಚು, ಹೀಗೆ 38 ಗುಣಗಳನ್ನು ಅವರು ಪಟ್ಟಿಮಾಡಿದರು. ಒಂದು ಹೊತ್ತಿಗೆ ಅವುಗಳಲ್ಲಿ 16 ಬಳಕೆಯಲ್ಲಿರುತ್ತಿದ್ದವು. ಯಾವುದಕ್ಕೆ ಎಷ್ಟು ತೂಕ ಕೊಡಬೇಕು? ಅದನ್ನು ಯಂತ್ರವೇ ಕಂಡುಕೊಳ್ಳಲಿ ಎಂದರು ಸ್ಯಾಮುಯೆಲ್. ಪ್ರೋಗ್ರಾಮಿನ ಎರಡು ಪ್ರತಿ ಮಾಡಿ ಆಲ್ಫಾ, ಬೀಟಾ ಎಂದು ಕರೆದು ಪರಸ್ಪರ ಆಡಲು ಬಿಟ್ಟರು. ಆಲ್ಫಾ ಪ್ರತಿ ನಡೆಯಾದ ಮೇಲೂ ತನ್ನ ತೂಕಗಳನ್ನು ಅಷ್ಟಿಷ್ಟು ತಿದ್ದಿಕೊಳ್ಳುತ್ತಿತ್ತು. ಬೀಟಾ ಹಾಗೇ ಇರುತ್ತಿತ್ತು. ಆಲ್ಫಾ ಗೆದ್ದರೆ ಅದರ ತೂಕಗಳು ಬೀಟಾಗೂ ಬರುತ್ತಿದ್ದವು. ಆಲ್ಫಾ ಮತ್ತೆಮತ್ತೆ ಸೋತರೆ ಅದು ಯಾವುದೋ ಕುರುಡುಗಲ್ಲಿಯಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿದು, ಅದು ಅತಿ ಹೆಚ್ಚು ನೆಚ್ಚಿಕೊಂಡ ಗುಣದ ತೂಕವನ್ನೇ ಸೊನ್ನೆಗಿಳಿಸಿ ಮತ್ತೆ ಬಿಡುತ್ತಿದ್ದರು. ಹತ್ತು ಗಂಟೆಯೊಳಗಿನ ಆಟದಲ್ಲಿ ಯಂತ್ರವು ತನ್ನನ್ನು ಬರೆದವರಿಗಿಂತ ಚೆನ್ನಾಗಿ ಆಡುವುದನ್ನು ಕಲಿಯಬಲ್ಲದು ಎಂದು 1959ರ ತಮ್ಮ ಪ್ರಬಂಧದಲ್ಲಿ ಸ್ಯಾಮುಯೆಲ್ ತೋರಿಸಿದರು. ಇಂದು ಎಲ್ಲರ ಬಾಯಲ್ಲಿರುವ ಯಂತ್ರಕಲಿಕೆ ಎಂಬ ಮಾತನ್ನು ಬಳಕೆಗೆ ತಂದದ್ದೂ ಆ ಪ್ರಬಂಧವೇ.

1962ರಲ್ಲಿ ಆ ಪ್ರೋಗ್ರಾಮ್ ರಾಬರ್ಟ್ ನೀಲಿ ಎಂಬ ಆಟಗಾರರನ್ನು ಒಂದು ಆಟದಲ್ಲಿ ಸೋಲಿಸಿತು. ಅಷ್ಟಕ್ಕೇ ಚೆಕರ್ಸ್ ಕಂಪ್ಯೂಟರಿನ ವಶವಾಯಿತು ಎಂಬ ಸುದ್ದಿ ಹಬ್ಬಿ ಪಠ್ಯಪುಸ್ತಕಗಳಲ್ಲೂ ಕೂತಿತು. 1966ರಲ್ಲಿ ಅದೇ ಪ್ರೋಗ್ರಾಮ್ ಹೆಲ್‌ಮನ್ ಮತ್ತು ಓಲ್ಡ್‌ಬರಿ ಎಂಬ ಅಗ್ರ ಆಟಗಾರರ ಎದುರು ತಲಾ ನಾಲ್ಕು ಆಟ ಆಡಿ ಎಂಟನ್ನೂ ಸೋತದ್ದು ಅಷ್ಟು ಸುದ್ದಿಯಾಗಲಿಲ್ಲ. ಮುಗಿದ ವಿಷಯ ಎಂದು ಭಾವಿಸಿದ ಸಂಶೋಧಕರು ಚದುರಂಗದ ಕಡೆ ಹೊರಟುಹೋದರು. ಒಂದು ತಪ್ಪು ಸುದ್ದಿ ಒಂದು ಇಡೀ ತಲೆಮಾರಿನ ಕೆಲಸವನ್ನು ತಡೆಯಿತು ಎಂದು ನಾನು ತಿಳಿದಿದ್ದೇನೆ.

ಬಾಗಿಲು ಮತ್ತೆ ತೆರೆದದ್ದು 1989ರಲ್ಲಿ, ಕೆನಡಾದ ಎಡ್‌ಮಂಟನ್ ನಗರದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ. ಶೇಫರ್ ಕೂಡ ಅಲ್ಲಿಯವರೆಗೆ ಚದುರಂಗದ ಪ್ರೋಗ್ರಾಮ್ ಬರೆಯುತ್ತಿದ್ದವರೇ. ರಾಕೀಸ್ ಪರ್ವತಗಳಿಂದ ಚಳಿಗಾಲದಲ್ಲಿ ಆ ಸೀಮೆಯ ಬಯಲಿಗೆ ಬೀಸಿ ಹಿಮ ಕರಗಿಸುವ ಬೆಚ್ಚನೆಯ ಗಾಳಿಗೆ ಚಿನೂಕ್ ಎಂದು ಹೆಸರು. ಅದನ್ನೇ ಪ್ರೋಗ್ರಾಮಿಗೂ ಇಟ್ಟರು. ಮುಂದೆ ನೋಡುವುದು, ಬೆಲೆ ಕಟ್ಟುವುದು ಎರಡೂ ಅದರಲ್ಲಿದ್ದವು. ಅದರ ಜೊತೆಗೆ ಇನ್ನೊಂದಿತ್ತು, ಹಿಂದಿನಿಂದ ಬರುವುದು.

ಶಾಲೆಗಳಿಗೆ ಹೋದಾಗ ಇದನ್ನು ನಾನು ಹುಣಸೆ ಬೀಜದಿಂದ ತೋರಿಸುತ್ತೇನೆ. ಮೇಜಿನ ಮೇಲೆ 21 ಬೀಜ. ಇಬ್ಬರು ಮಕ್ಕಳು. ಒಬ್ಬೊಬ್ಬರ ಸರದಿಯಲ್ಲಿ ಒಂದು, ಎರಡು ಅಥವಾ ಮೂರು ಬೀಜ ಎತ್ತಬಹುದು. ಕೊನೆಯ ಬೀಜ ಎತ್ತಿದವರು ಗೆದ್ದರು. ಮಕ್ಕಳು ಮೊದಲು 21ರಿಂದ ಯೋಚಿಸಿ ಗೊಂದಲಕ್ಕೆ ಬೀಳುತ್ತಾರೆ. ಕೊನೆಯಿಂದ ಬನ್ನಿ ಅನ್ನುತ್ತೇನೆ. ನಿನ್ನ ಸರದಿ ಬಂದಾಗ ಬೀಜವೇ ಇಲ್ಲದಿದ್ದರೆ? ಸೋತೆ. ಒಂದೋ ಎರಡೋ ಮೂರೋ ಇದ್ದರೆ? ಎಲ್ಲ ಎತ್ತಿ ಗೆದ್ದೆ. ನಾಲ್ಕಿದ್ದರೆ? ಇಲ್ಲಿ ಒಂದು ಕ್ಷಣ ಮೌನ. ಎಷ್ಟೇ ಎತ್ತಿದರೂ ಎದುರಿನವರಿಗೆ ಒಂದು, ಎರಡು ಅಥವಾ ಮೂರು ಉಳಿಯುತ್ತದೆ, ಅಂದರೆ ಸೋತೆ. ಅಷ್ಟು ಹೊಳೆದ ಮೇಲೆ ಐದು, ಆರು, ಏಳು ಗೆಲುವು, ಎಂಟು ಸೋಲು ಎಂದು ಕೂಗುವುದನ್ನು ತಡೆಯುವುದೇ ಕಷ್ಟ. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಹುಡುಗಿಯೊಬ್ಬಳು ಎದ್ದು ಬಂದು, ಮಾತಿಲ್ಲದೆ 21ರಲ್ಲಿ ಒಂದೇ ಒಂದು ಬೀಜ ಎತ್ತಿಟ್ಟು 20 ಉಳಿಸಿ ನನ್ನ ಮುಖ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವಳು ಮುಂದೆ ಏನನ್ನೂ ನೋಡಬೇಕಿರಲಿಲ್ಲ. ಅಂತ್ಯದಿಂದ ಹೊರಟ ತಿಳಿವಳಿಕೆ 20ರವರೆಗೆ ಬಂದು ಅವಳಿಗಾಗಿ ಕಾದಿತ್ತು.

ಶೇಫರ್ ಬಳಗ ಮಾಡಿದ್ದೂ ಇದನ್ನೇ. ಮಣೆಯ ಮೇಲೆ ಒಂದೇ ಕಾಯಿ ಇರುವ ಸ್ಥಿತಿಗಳು ಎಷ್ಟು? ಕಪ್ಪು ಕಾಯಿ ರಾಜನಾಗುವ ಸಾಲನ್ನು ಬಿಟ್ಟು 28 ಮನೆಗಳಲ್ಲಿ ಇರಬಹುದು, ಬಿಳಿಯದೂ 28ರಲ್ಲಿ. ಕಪ್ಪು ರಾಜ 32ರಲ್ಲಿ, ಬಿಳಿ ರಾಜ 32ರಲ್ಲಿ. ಒಟ್ಟು 120. ಎರಡು ಕಾಯಿಗಳಿಗೆ 6,972. ಮೂರಕ್ಕೆ 2,61,224. ನಾಲ್ಕಕ್ಕೆ 70,92,774. ಹೀಗೆ ಒಂದೊಂದೇ ಮೆಟ್ಟಿಲು ಹತ್ತುತ್ತ ಪ್ರತಿ ಸ್ಥಿತಿಯ ಮೇಲೂ ಗೆಲುವು ಅಥವಾ ಸೋಲು ಎಂಬ ಗುರುತು ಹಾಕುತ್ತ ಹೋಗಬೇಕು. ಬೀಜದಾಟಕ್ಕಿಂತ ಇಲ್ಲಿ ಒಂದು ತೊಡಕು ಹೆಚ್ಚು. ರಾಜರು ಹಿಂದೆಮುಂದೆ ಓಡಾಡುವುದರಿಂದ ಆಟ ಸುತ್ತಿಸುತ್ತಿ ಅಲ್ಲಿಗೇ ಬರಬಹುದು. ಹಾಗಾದರೆ ಸಮ ಎಂಬ ಗುರುತು ಹಾಕುವುದು ಯಾವಾಗ? ಅದನ್ನು ಯಾರೂ ಹಾಕುವುದಿಲ್ಲ. ಗೆಲುವು ಸೋಲುಗಳ ಗುರುತು ಹರಡುತ್ತ ಹರಡುತ್ತ, ಒಂದು ಹಂತದಲ್ಲಿ ಹೊಸದಾಗಿ ಗುರುತು ಬೀಳುವುದು ನಿಲ್ಲುತ್ತದೆ. ಆಗ ಖಾಲಿ ಉಳಿದವುಗಳೇ ಸಮ.

ಈ ಮೆಟ್ಟಿಲು ಕಟ್ಟಲು ಆಗುವುದು ಚೆಕರ್ಸ್‌ನ ಒಂದು ಸ್ವಭಾವದಿಂದ: ಹೊಡೆದ ಕಾಯಿ ಮತ್ತೆ ಮಣೆಗೆ ಬರುವುದಿಲ್ಲ. ಏಳು ಕಾಯಿಗಳ ಸ್ಥಿತಿಯಿಂದ ಮುಂದೆ ಹೋದರೆ ಏಳೇ ಇರಬಹುದು, ಆರಕ್ಕೆ ಇಳಿಯಬಹುದು, ಎಂಟಕ್ಕೆ ಎಂದೂ ಏರದು. ಆಟವೆಂದರೆ ಮಣೆ ಬರಿದಾಗುತ್ತ ಹೋಗುವುದು. ನಮ್ಮ ಅಳಗುಳಿ ಮಣೆಯಲ್ಲೂ, ಕರಾವಳಿಯ ಚೆನ್ನೆಮಣೆಯಲ್ಲೂ ಇದೇ ಸ್ವಭಾವವಿದೆ: ಗೆದ್ದು ಪಕ್ಕಕ್ಕಿಟ್ಟ ಬೀಜ ಆ ಆಟ ಮುಗಿಯುವವರೆಗೆ ಗುಳಿಗೆ ಮರಳದು. ಅದೇ ಮನೆತನದ ಆಫ್ರಿಕಾದ ಆಟ ಅವಾರಿ. 12 ಗುಳಿ, 48 ಬೀಜ. 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಜಾನ್ ರೋಮೈನ್ ಮತ್ತು ಹೆನ್ರಿ ಬಾಲ್ 144 ಪ್ರೊಸೆಸರುಗಳನ್ನು ಜೋಡಿಸಿ, ಕೊನೆಯಿಂದಲೇ ಹೊರಟು, ಅದರ ಸುಮಾರು 88,900 ಕೋಟಿ ಸ್ಥಿತಿಗಳಿಗೂ ಉತ್ತರ ಕಂಡರು. ಇಬ್ಬರೂ ತಪ್ಪದೆ ಆಡಿದರೆ ಅವಾರಿ ಸಮ. ನಮ್ಮ ಅಳಗುಳಿ ಮಣೆಯ ಒಂದೊಂದು ಸೀಮೆಯ ನಿಯಮಕ್ಕೂ ಇಂಥ ಉತ್ತರ ಹುಡುಕುವುದು ಇಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಗೆಟುಕುವ ಕೆಲಸ, ಯಾರಾದರೂ ಮಾಡಲಿ ಎಂಬುದು ನನ್ನ ಆಸೆ. ಜಪಾನಿನ ಶೋಗಿಯಲ್ಲಿ ಈ ವಿದ್ಯೆ ನಡೆಯದು. ಅಲ್ಲಿ ಹೊಡೆದ ಕಾಯಿಯನ್ನು ಗೆದ್ದವರು ತಮ್ಮದಾಗಿ ಮತ್ತೆ ಮಣೆಗೆ ಇಳಿಸುತ್ತಾರೆ.

ಮತ್ತೆ ಟಿನ್‌ಸ್ಲೀ ಅವರ ಬಳಿಗೆ. 1990ರ ಅಮೆರಿಕದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಚಿನೂಕ್ ಅವರ ನಂತರದ ಸ್ಥಾನ ಪಡೆದು, ವಿಶ್ವ ಪಟ್ಟಕ್ಕೆ ಸವಾಲು ಹಾಕುವ ಹಕ್ಕು ಗಳಿಸಿತು. ಯಂತ್ರಕ್ಕೆ ಆ ಅವಕಾಶವಿಲ್ಲ ಎಂದರು ಆಟದ ಸಂಘಟಕರು. ಆಗ ಟಿನ್‌ಸ್ಲೀ ತಮ್ಮ ಪಟ್ಟವನ್ನೇ ಬಿಟ್ಟುಕೊಟ್ಟು, ಚಿನೂಕ್ ಜೊತೆ ಆಡಿಯೇ ತೀರುತ್ತೇನೆ ಎಂದರು! ಕೊನೆಗೆ ಮನುಷ್ಯ ಮತ್ತು ಯಂತ್ರದ ನಡುವೆ ಎಂದೇ ಬೇರೊಂದು ವಿಶ್ವ ಪಟ್ಟವನ್ನು ಹುಟ್ಟುಹಾಕಬೇಕಾಯಿತು. ಅವರಿಗೇಕೆ ಆ ಹಟ? ಮನುಷ್ಯರು ತಮಗೆ ಹೆದರಿ ಸಮ ಮಾಡಿಕೊಳ್ಳಲಷ್ಟೇ ಆಡುತ್ತಿದ್ದರು, ಯಂತ್ರಕ್ಕೆ ಹೆದರಿಕೆಯಿಲ್ಲ, ಅದರ ಎದುರು ಆಡುವಾಗ ಮತ್ತೆ ಹುಡುಗನಾದಂತಿದೆ ಎಂಬುದು ಅವರ ಮಾತಿನ ಭಾವ. ಅವರು ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದ ದೈವಭಕ್ತರು. ಚಿನೂಕ್‌ಗೆ ಪ್ರೋಗ್ರಾಮ್ ಬರೆದವನು ಶೇಫರ್, ನನಗೆ ಬರೆದವನು ದೇವರು ಎಂದು ನಂಬಿ ಕೂತವರು.

1992ರ ಆಗಸ್ಟ್, ಲಂಡನ್. ಎಂಟನೆಯ ಆಟದಲ್ಲಿ ಟಿನ್‌ಸ್ಲೀ ಸೋತರು. ಹದಿನಾಲ್ಕನೆಯದರಲ್ಲಿ ಮತ್ತೆ ಸೋತರು. ವರ್ಷಗಟ್ಟಲೆ ಸೋಲು ಕಾಣದ ಮನುಷ್ಯ ಒಂದೇ ಪಂದ್ಯದಲ್ಲಿ ಎರಡು ಸಲ! ಆದರೂ ಕುಗ್ಗಲಿಲ್ಲ. ಹದಿನೆಂಟನೆಯ ಆಟದಲ್ಲಿ ಯಂತ್ರ ಕೆಟ್ಟು ಕೂತು ಆ ಆಟ ಅವರ ಪಾಲಾಯಿತು. ಪಂದ್ಯ ಮುಗಿದಾಗ 4 ಗೆಲುವು, 2 ಸೋಲು, 33 ಸಮ, ಗೆದ್ದವರು ಟಿನ್‌ಸ್ಲೀ.

ಎರಡು ವರ್ಷ ಕಳೆದು 1994ರ ಆಗಸ್ಟಿನಲ್ಲಿ ಬಾಸ್ಟನ್ನಿನ ಕಂಪ್ಯೂಟರ್ ಸಂಗ್ರಹಾಲಯದಲ್ಲಿ ಮತ್ತೆ ಕೂತರು. ಆರು ಆಟ ನಡೆದವು, ಆರೂ ಸಮ. ಹೊಟ್ಟೆನೋವು ಎಂದು ಟಿನ್‌ಸ್ಲೀ ಆಸ್ಪತ್ರೆಗೆ ಹೋದರು, ಪಂದ್ಯದಿಂದ ಹಿಂದೆ ಸರಿದರು. ಪಟ್ಟ ಚಿನೂಕ್‌ಗೆ ಬಂತು. ಯಾವುದೇ ಆಟದಲ್ಲಿ ಮನುಷ್ಯರೊಡನೆ ಸೆಣಸಿ ವಿಶ್ವ ಪಟ್ಟ ಪಡೆದ ಮೊದಲ ಪ್ರೋಗ್ರಾಮ್ ಅದು. ಅವರಿಗಿದ್ದದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. 1995ರ ಏಪ್ರಿಲಿನಲ್ಲಿ ತೀರಿಕೊಂಡರು.

ಗೆದ್ದೆ ಎಂದು ಹೇಳುವಂತಿರಲಿಲ್ಲ ಶೇಫರ್ ಸ್ಥಿತಿ. ಟಿನ್‌ಸ್ಲೀ ಇದ್ದಿದ್ದರೆ ಸೋಲಿಸಲು ಆಗುತ್ತಿರಲಿಲ್ಲ ಎಂಬ ಮಾತು ಅವರನ್ನು ಬೆನ್ನುಹತ್ತಿತು. ಇನ್ನು ಉಳಿದದ್ದು ಒಂದೇ, ಯಾರೂ ಸೋಲಿಸಲಾಗದ ಪ್ರೋಗ್ರಾಮ್. ಅಂದರೆ ಆಟವನ್ನೇ ಬಿಡಿಸಿಬಿಡುವುದು. ಚೆಕರ್ಸ್‌ನ ಒಟ್ಟು ಸ್ಥಿತಿಗಳು 5ರ ಮುಂದೆ 20 ಸೊನ್ನೆ ಬರೆದಷ್ಟು. 1989ರಿಂದ 1996ರವರೆಗೆ ಏಳು ವರ್ಷ ಬೆವರು ಹರಿಸಿ ಎಂಟು ಕಾಯಿಗಳ ಮೆಟ್ಟಿಲು ತಲುಪಿದ್ದರು. ಯಂತ್ರಗಳ ಸ್ಮೃತಿ ಅದರಾಚೆಗೆ ಸಾಲದೆ 1997ರಲ್ಲಿ ಕೆಲಸ ನಿಲ್ಲಿಸಿ ಕಾದರು. 2001ರಲ್ಲಿ ಮತ್ತೆ ಶುರುಮಾಡಿದಾಗ, ಆ ಏಳು ವರ್ಷದ ಕೆಲಸವನ್ನು ಹೊಸ ಯಂತ್ರಗಳು ಸುಮಾರು ಒಂದು ತಿಂಗಳಲ್ಲಿ ಮಾಡಿ ಮುಗಿಸಿದವು. ಆಮೇಲೆ ಒಂಬತ್ತು, ಆಮೇಲೆ ಹತ್ತು. ಹತ್ತು ಕಾಯಿಗಳವರೆಗೆ ಒಟ್ಟು 39 ಲಕ್ಷ ಕೋಟಿ ಸ್ಥಿತಿಗಳು, ಪ್ರತಿಯೊಂದಕ್ಕೂ ಗೆಲುವು, ಸೋಲು ಅಥವಾ ಸಮ ಎಂಬ ಗುರುತು. ಇದನ್ನು ಅದುಮಿ 237 ಗಿಗಾಬೈಟಿಗೆ ಇಳಿಸಿದರು. ಇಂದು ಅಂಗಡಿಯಲ್ಲಿ ಸಿಗುವ ಸಾಧಾರಣ ಹಾರ್ಡ್ ಡಿಸ್ಕಿನಲ್ಲಿ ಹಿಡಿಸುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಒಂದು ಗುರುತು ತಪ್ಪಿದರೆ ಆ ತಪ್ಪು ಮೇಲಿನದಕ್ಕೆಲ್ಲ ಹತ್ತಿಕೊಳ್ಳುತ್ತದೆ, ಹಾಗಾಗಿ ಲೆಕ್ಕವನ್ನು ತಾಳೆ ನೋಡುವುದಕ್ಕೂ ಶ್ರಮ ಹೋಯಿತು.

ಇಪ್ಪತ್ತನಾಲ್ಕು ಕಾಯಿಗಳವರೆಗೂ ಮೆಟ್ಟಿಲು ಕಟ್ಟಬೇಕಾಗಲಿಲ್ಲ. ಆಟದ ಆರಂಭದ ಕಡೆಯಿಂದ ಇನ್ನೊಂದು ಪ್ರೋಗ್ರಾಮ್ ಕತ್ತರಿಕೆ ಮಾಡುತ್ತ ಮುಂದೆ ಬಂತು. ಕಾಯಿಗಳು ಬಿದ್ದು ಬಿದ್ದು ಹತ್ತಕ್ಕೆ ಇಳಿದ ಕಡೆ, ಕೊನೆಯಿಂದ ಬಂದ ಪಟ್ಟಿ ಕೈ ಚಾಚಿ ಕಾಯುತ್ತಿತ್ತು. ಬೆಟ್ಟದ ಎರಡು ಬದಿಯಿಂದ ಕೊರೆದ ಸುರಂಗ ನಡುವೆ ಕೂಡಿದಂತೆ ಎರಡೂ ಕೂಡಿದವು. ಒಮ್ಮೊಮ್ಮೆ 200 ಕಂಪ್ಯೂಟರುಗಳು ಒಟ್ಟಿಗೆ ದುಡಿದವು. ಒಟ್ಟು ಲೆಕ್ಕಗಳು ಸುಮಾರು ಒಂದು ಕೋಟಿ ಕೋಟಿ. 2007ರ ಜುಲೈನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಇಬ್ಬರೂ ತಪ್ಪದೆ ಆಡಿದರೆ ಚೆಕರ್ಸ್ ಸಮ. ನುರಿತ ಆಟಗಾರರು ಬಹುಕಾಲದಿಂದ ನಂಬಿಕೊಂಡು ಬಂದದ್ದೂ ಇದನ್ನೇ.

ಪಟ್ಟಿ ಹೇಳುವುದು ಗೆಲುವು, ಸೋಲು, ಸಮ ಎಂಬ ಒಂದೊಂದು ಪದವನ್ನಷ್ಟೇ. ಯಾವ ಸ್ಥಿತಿಯನ್ನು ಮುಂದಿಟ್ಟು ಏಕೆ ಎಂದು ಕೇಳಿದರೂ ಅದಕ್ಕೆ ಮಾತಿಲ್ಲ. ಗುರುತು ಬಿದ್ದಿದೆ, ಅಷ್ಟೇ. ಟಿನ್‌ಸ್ಲೀ ಆ ಹತ್ತನೆಯ ನಡೆ ನೋಡಿದಾಗ ಪಟ್ಟಿಗಳು ಅಷ್ಟು ದೂರ ಬಂದಿರಲಿಲ್ಲ. ಅವರ ಬಳಿ ಇದ್ದದ್ದು ಹುಡುಗನಾಗಿದ್ದಾಗಿಂದ ಆಡಿದ, ಓದಿದ, ರಾತ್ರಿ ಹಾಸಿಗೆಯಲ್ಲೂ ಮನಸ್ಸಿನಲ್ಲಿ ನಡೆಸಿದ ಸಾವಿರಾರು ಆಟಗಳು. ಅವುಗಳಲ್ಲಿ ಯಾವುದು ಎದ್ದು ಬಂದು ಅವರಿಗೆ ಅದನ್ನು ಹೇಳಿತೋ, ಅವರ ಜೊತೆಗೇ ಹೋಯಿತು.